ಸೀಮಂತದ ಬಳೆ

ಚೌಳಹಿರಿಯೂರು
9 ಜನವರಿ, ಶುಕ್ರವಾರ ಸಂಜೆ

ಪ್ರೀತಿಯ ಮಾವಾ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯ ತಾನೆ? ಕಂಪ್ರೆಸರ್ ಹತ್ತಿರ ನಿಲ್ಲುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ, ಇಲ್ಲ ನಾನು ಕಟ್ಟಿಕೊಟ್ಟ ಹತ್ತಿ ಇನ್ನೂ ಜೇಬಿನಲ್ಲೇ ಇದೆಯೋ? ಕಲ್ಲಿನ ಪುಡಿ ಗಂಟಲಿಗೆ ಹೋದರೆ ಬೆಲ್ಲ ತಿನ್ನು, ಬೀಡಿ ಸೇದಬೇಡ. ಎದುರಿಗೆ ನಿನ್ನನ್ನು ನೀನು ಎಂದರೆ ಅವ್ವನಿಗೆ ಸಿಟ್ಟು ಬರುತ್ತದೆ. "ಗಂಡನ್ನ ಹಂಗೆಲ್ಲ ಅನ್ನಬಾರದು ಕಣೇ, ಈಗ ಅವ್ನು ಬರೀ ನಿನ್ ಮಾವ ಅಲ್ಲ" ಅನ್ನುತ್ತಾಳೆ. ತನ್ನ ತಮ್ಮನನ್ನೇ ತಂದು ನನಗೆ ಕಟ್ಟಿದವಳು ಅವಳೇ. ಮಾತು ಬಂದಾಗಿನಿಂದ ಮಾವಾ, ನೀನು ಎಂದು ಕರೆದ ಬಾಯಿ ತಾಳಿ ಬಿದ್ದ ಮಾತ್ರಕ್ಕೆ ತಿರುಗುತ್ತದೆಯೇ? ಕಾಗದದಲ್ಲಿ ಯಾರ ಹಂಗೂ ಇಲ್ಲ, ನೀನು ಎಂದೇ ಬರೆಯುತ್ತೇನೆ.

ಈ ಕಾಲದಲ್ಲಿ ಕಾಗದವೇ ಎಂದು ನಗಬೇಡ. ನಿಮ್ಮ ಬೋರ್‌ವೆಲ್ ರಿಗ್ಗು ಛತ್ತೀಸಗಢದ ಕಾಡಿನೊಳಗೆ ಹೋದ ಮೇಲೆ ನಿನ್ನ ಫೋನು ಸಿಕ್ಕೇ ಇಲ್ಲ. ಅದಕ್ಕೆ ಮೊದಲು ಸಿಕ್ಕಾಗಲೂ ಏನು ಮಾತಾಡಿದೆವು ಹೇಳು. ಬಸುರಿ ಕೈಗೆ ಫೋನು ಕೊಡಬಾರದೆಂದು ಅವ್ವ ತಾನೇ ಹಿಡಿದುಕೊಂಡು ಸ್ಪೀಕರ್ ಹಾಕುತ್ತಾಳೆ. ಹೇಗಿದ್ದೀಯೇ ಎಂದು ನೀನು ನನ್ನನ್ನು ಕೇಳಿದರೆ, "ಮೈಕೈ ತುಂಬ್ಕೊಂಡು ಚೆನ್ನಾಗವ್ಳೆ ಕಣಪ್ಪಾ, ನೀನು ಕೆಲ್ಸ ನೋಡ್ಕೋ" ಎಂದು ಉತ್ತರವೂ ಅವಳದೇ. ನಿನಗೆ ಆ ಯಂತ್ರದ ಸದ್ದಿನಲ್ಲಿ ಅಷ್ಟೇ ಸಾಕು, ಹ್ಞೂಂ ಎಂದು ಇಟ್ಟುಬಿಡುತ್ತೀಯ. ನಿಮ್ಮ ಮಾಲೀಕರ ಕಡೆಯ ರೇವಣಪ್ಪ ಬೋರು ಕೊರೆಯುವ ಬಿಟ್ಟು, ಹ್ಯಾಮರು ಎಲ್ಲ ತುಂಬಿಕೊಂಡು ನಾಳೆ ಕಡೂರಿನಿಂದ ನಿಮ್ಮಲ್ಲಿಗೆ ಹೊರಡುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ ಕೊಟ್ಟು ಬರುತ್ತೇನೆಂದು ಅಪ್ಪ ಒಪ್ಪಿಕೊಂಡಿದ್ದಾನೆ. ಅವ್ವನಿಗೆ ಹೇಳಿಲ್ಲ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಅವರೆಕಾಯಿ ಬಂದಿದೆ, ಸೊಗಡು ನಡುಮನೆಯವರೆಗೂ ಇದೆ. ಅವ್ವ ಕಾಳು ನೆನೆಹಾಕಿ ಹಿದುಕಿ, "ನನ್ ತಮ್ಮಂಗೆ ಇದು ಅಂದ್ರೆ ಪ್ರಾಣ" ಎಂದು ನಿನ್ನ ಪಾಲಿನದನ್ನೂ ನನಗೇ ಬಡಿಸುತ್ತಾಳೆ. ಅಪ್ಪ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಪಂಚನಹಳ್ಳಿಗೆ ಹೋದಾಗಲೆಲ್ಲ ಅಲ್ಲಿನ ನಮ್ಮ ಮನೆಯ ಬೀಗ ಒಮ್ಮೆ ಎಳೆದು ನೋಡಿ ಬರುತ್ತಾನೆ. ನೀನು ನೆಟ್ಟ ಕರಿಬೇವು ಒಣಗಿಲ್ಲ.

ಈಗ ನನ್ನ ಸುದ್ದಿ. ಸೀಮಂತಕ್ಕೆ ನೀನು ಬಂದಾಗ ಅಜ್ಜಂಪುರದ ಬಳೆಗಾರ ನನ್ನ ಕೈ ಹಿಸುಕಿ ಹಿಸುಕಿ ಹಸಿರು ಗಾಜಿನ ಬಳೆ ಏರಿಸಿದ್ದು ನೆನಪಿದೆಯಲ್ಲ. ಒಂದು ಅಳತೆ ದೊಡ್ಡದು ಕೊಡಪ್ಪಾ ಎಂದು ನಾನು ಬೇಡಿಕೊಂಡೆ. "ಸಡ್ಲ ಬಳೆ ಎಲ್ಲಾನ ತಗುಲಿ ಒಡೆದ್ರೆ ಏನ್ ಗತಿ, ಬಿಗಿಯಾಗೇ ಇರ್ಲಿ" ಎಂದಳು ಅವ್ವ. ಬಳೆಗಾರನಿಗೂ ಅದೇ ಬೇಕಿತ್ತು. ಚಿಕ್ಕ ಬಳೆ ಏರಿಸಿದಷ್ಟೂ ಅವನ ಕೈಗೆ ಹೆಸರು. ಹೆರಿಗೆಯವರೆಗೆ ಅವನ್ನು ತೆಗೆಯಬಾರದು, ಒಡೆದರೆ ಗಂಡನಿಗೆ ಕೇಡು, ಹೊಟ್ಟೆಯೊಳಗಿನ ಕೂಸಿಗೆ ಅವುಗಳ ಸದ್ದು ಕೇಳುತ್ತಿರಬೇಕು ಎಂದೆಲ್ಲ ಹೆಂಗಸರು ಹೇಳಿದರು. ನೀನು ಒಳಕೋಣೆಯಲ್ಲಿ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಗಲಗಲ ಅಲ್ಲಾಡಿಸಿ, "ಕೇಳ್ತೇನೋ, ನಿಮ್ಮವ್ವ ಕಣೋ" ಎಂದೆ. ಆಗಲೇ ಅದು ಒದ್ದಿದ್ದು. ನೀನು ಹೆದರಿ ಕೈ ತೆಗೆದುಬಿಟ್ಟೆ.

ಆ ಬಳೆಗಳು ಈಗ ಸದ್ದು ಮಾಡುತ್ತಿಲ್ಲ ಮಾವಾ. ಮುದ್ದೆ ತಿರುವುವಾಗ ಮೊದಲು ಗೊತ್ತಾಯಿತು, ಮನೆ ಯಾಕೋ ನಿಶ್ಶಬ್ದ ಎನಿಸಿತು. ನೋಡಿದರೆ ಕೈ ದಪ್ಪವಾಗಿ ಬಳೆಗಳು ಮಾಂಸಕ್ಕೆ ಕಚ್ಚಿಕೊಂಡಿದ್ದವು. ಅವ್ವನಿಗೆ ತೋರಿಸಿದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು. "ತವರಿನ ಅನ್ನ ಮೈಗೆ ಹತ್ತೈತೆ" ಎಂದು ಬೀದಿಗೆಲ್ಲ ಹೇಳಿ ಬಂದಳು. ಬಂದವರೆಲ್ಲ ನನ್ನ ಕೈ ಹಿಡಿದು, ಬಳೆ ತಿರುಗದಿರುವುದನ್ನು ನೋಡಿ ಮೆಚ್ಚಿದರು. ಅವ್ವ ನಿವಾಳಿಸಿ ದೃಷ್ಟಿ ತೆಗೆದಳು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಗಿತ್ತು. ಕಡ್ಡಿ ಕಡ್ಡಿ ಎಂದು ನೀನು ಅಣಕಿಸುತ್ತಿದ್ದವಳಲ್ಲವೇ ನಾನು. ನಮ್ಮ ಆಶಾ ಕಾರ್ಯಕರ್ತೆ ಮಲ್ಲಿಕಾಂಬ ಮಾತ್ರ ಮೆಚ್ಚಲಿಲ್ಲ. ಕಾಲಿನ ಮೇಲೆ ಬೆರಳು ಒತ್ತಿ, ಕುಳಿ ಹಾಗೇ ಉಳಿದದ್ದು ನೋಡಿ, ಬಿಪಿ ನೋಡಿಸೋಣ ಬಾ ಎಂದಳು. "ಬಸುರಿ ಕಾಲು ಊದದೆ ಇನ್ಯಾರ ಕಾಲು ಊದ್ತದೆ" ಎಂದು ಅವ್ವ ಅವಳಿಗೆ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ತಲೆನೋವು ಶುರುವಾಯಿತು. ಹಣೆಗೆ ಬಟ್ಟೆ ಬಿಗಿದುಕೊಂಡು ಸುಮ್ಮನಿದ್ದೆ.

ಇವತ್ತು ಒಂಬತ್ತನೇ ತಾರೀಕು, ಕಡೂರು ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ಮಲ್ಲಿಕಾಂಬ ಬಿಡದೆ ಕರೆದುಕೊಂಡು ಹೋದಳು, ಅವ್ವನೂ ಬಂದಳು. ಡಾಕ್ಟರಮ್ಮ ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬೇಕು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ಮೂತ್ರ ಪರೀಕ್ಷೆ ಮಾಡಿಸಿದರು. ಕಣ್ಣು ಮಂಜಾಗುತ್ತದೆಯಾ ಎಂದು ಕೇಳಿದರು. ಅವ್ವ ಹೆಮ್ಮೆಯಿಂದ ನನ್ನ ಕೈ ಎತ್ತಿ ತೋರಿಸಿದಾಗ ಅವರು ಅವ್ವನನ್ನೇ ಕೂರಿಸಿಕೊಂಡು ನಿಧಾನವಾಗಿ ಹೇಳಿದರು: "ಇದು ಮೈ ತುಂಬಿರೋದಲ್ಲಮ್ಮ, ಊತ. ಬಿಪಿ ತುಂಬ ಏರಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಹೀಗೇ ಬಿಟ್ಟರೆ ಫಿಟ್ಸ್ ಬರಬಹುದು, ಆಗ ತಾಯಿ ಮಗು ಇಬ್ಬರಿಗೂ ಅಪಾಯ. ಈಗಲೇ ಅಡ್ಮಿಟ್ ಆಗಲಿ, ಇಂಜೆಕ್ಷನ್ ಕೊಟ್ಟು ಶಿವಮೊಗ್ಗಕ್ಕೆ ಕಳಿಸ್ತೀವಿ. ದಿನ ತುಂಬದ ಮಗುವನ್ನೂ ಅಲ್ಲಿ ನೋಡ್ಕೋತಾರೆ." ಮನೆಯಲ್ಲಿ ಯಾರಿಗಾದರೂ ಬಸುರಿನಲ್ಲಿ ಫಿಟ್ಸ್ ಬಂದಿತ್ತಾ ಎಂದೂ ಕೇಳಿದರು. "ನಮ್ ವಂಶದಲ್ಲಿ ಅಂಥಾ ಕಾಯ್ಲೆ ಯಾರ್ಗೂ ಇಲ್ಲ" ಎಂದಳು ಅವ್ವ.

ಆಮೇಲೆ ಅವ್ವ ಹಿಡಿದ ಹಟ ನಿನಗೆ ಗೊತ್ತೇ ಇದೆ. ಎಂಟನೇ ತಿಂಗಳಲ್ಲಿ ಬಸುರಿಯನ್ನು ಊರು ದಾಟಿಸಬಾರದು, ಅದೂ ಧನುರ್ಮಾಸದಲ್ಲಿ. "ಹೋಗಿ ಬರೋದು ಬೇರೆ ಮೇಡಮ್, ತಂಗೋದು ಬೇರೆ. ಸಂಕ್ರಾಂತಿ ಕಳೀಲಿ, ಒಂಬತ್ತಕ್ಕೆ ಬೀಳ್ತಾಳೆ, ನಾನೇ ಕರ್ಕೊಂಡ್ ಬತ್ತೀನಿ." ಡಾಕ್ಟರಮ್ಮ ಮತ್ತೆ ಮತ್ತೆ ಹೇಳಿದರು. ಮಲ್ಲಿಕಾಂಬ ಕೈ ಮುಗಿದಳು. ಅವ್ವ ಮಾತ್ರೆ ಇಸಕೊಂಡು ನನ್ನ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದಳು. ನಾನು ಹತ್ತಿದೆ ಮಾವಾ. ಬೇಡ ಅನ್ನಬೇಕಿತ್ತು. ಅವಳು ಕೆಟ್ಟವಳಲ್ಲ. ಬಸ್ಸಿನಲ್ಲಿ ಉದ್ದಕ್ಕೂ ನನ್ನ ತಲೆ ಅವಳ ಹೆಗಲ ಮೇಲೇ ಇತ್ತು, ಅವಳು ಒಂದು ಸಲವೂ ಭುಜ ಅಲ್ಲಾಡಿಸಲಿಲ್ಲ.

ನನಗೆ ಭಯವಾಗುತ್ತಿದೆ. ಇದನ್ನು ಚೆಂದ ಮಾಡಿ ಹೇಳುವ ಮಾತು ನನಗೆ ಗೊತ್ತಿಲ್ಲ. ಕೂಸು ಅಲ್ಲಾಡುತ್ತದೆ, ಮೊದಲಿನ ಜೋರಿಲ್ಲ. ಬಳೆ ಸದ್ದಿಲ್ಲದೆ ಅದಕ್ಕೆ ನಾನು ಇರುವುದೇ ಗೊತ್ತಾಗುತ್ತಿಲ್ಲವೇನೋ ಎಂದು ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಾ ಕೂತಿದ್ದೆ. "ಇದೇನೇ ಹುಚ್ಚು" ಎಂದು ಅವ್ವ ಚಮಚ ಕಿತ್ತುಕೊಂಡಳು. ಸಾಯುವುದಕ್ಕೆ ಹೆದರಿಕೆಯೋ, ಕೂಸಿಗೇನಾದರೂ ಆದರೆ ನಿನಗೆ ಮುಖ ತೋರಿಸುವುದು ಹೇಗೆಂದು ಹೆದರಿಕೆಯೋ, ಎರಡನ್ನೂ ಬಿಡಿಸಿ ಹೇಳಲಾರೆ. ತಲೆ ಸಿಡಿಯುತ್ತಿದೆ. ನಾಳೆ ಮುಂದುವರಿಸುತ್ತೇನೆ.

ಶನಿವಾರ ಬೆಳಗ್ಗೆ

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಗೆರೆಗಳು ಒಂದರ ಮೇಲೊಂದು ಕಾಣುತ್ತಿವೆ. ಬೆಳಗ್ಗೆ ಅವ್ವನ ಪಕ್ಕ ಕೂತು ಅವರೆಕಾಳು ಹಿದುಕುತ್ತಿದ್ದೆ. ಬೆರಳು ಬಗ್ಗದೆ ಕಾಳು ಜಾರಿ ಜಾರಿ ಹೋಗುತ್ತಿತ್ತು. ಅವ್ವ ನನ್ನನ್ನು ಸಮಾಧಾನ ಮಾಡುವುದಕ್ಕೆಂದೇ ಅಜ್ಜಿಯ ಮಾತು ತೆಗೆದಳು. ನಿನ್ನನ್ನು ಹೆತ್ತು ಸತ್ತ ಅಜ್ಜಿ, ನಿನ್ನ ಅವ್ವ. ನಾವಿಬ್ಬರೂ ಕೇಳಿ ಬೆಳೆದ ಕಥೆಯೇ: ಎಂಟು ತಿಂಗಳ ಬಸುರಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹಳ್ಳ ದಾಟಿಸಿದರು, ದಾಟಿಸಿದ್ದಕ್ಕೇ ಗಾಳಿ ಮೆಟ್ಟಿಕೊಂಡಿತು, ಆಸ್ಪತ್ರೆ ಮುಟ್ಟುವ ಮೊದಲು ನೀನು ಗಾಡಿಯಲ್ಲೇ ಹುಟ್ಟಿದೆ, ಅಜ್ಜಿ ಉಳಿಯಲಿಲ್ಲ. ಮದುವೆಯಾಗಿ ಇನ್ನೂ ವರ್ಷ ತುಂಬದ ಅವ್ವ ನಿನ್ನನ್ನು ಹತ್ತಿಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿ ಒಲೆಯ ಮಗ್ಗುಲಲ್ಲಿ ಉಳಿಸಿಕೊಂಡಳು. ಅದಕ್ಕೇ ಎಂಟರಲ್ಲಿ ಊರು ದಾಟಿಸಬಾರದು ಎಂದು ಮುಗಿಸುತ್ತಾಳಲ್ಲ, ಇವತ್ತೂ ಹಾಗೇ ಮುಗಿಸಿದಳು. ಮುಗಿಸಿ, "ಗಾಡಿ ಹತ್ತೋವಾಗ ನಮ್ಮವ್ವ ಹೆಂಗಿದ್ಲು ಗೊತ್ತೇನೇ, ದೇವತೆ ಹಂಗೆ. ಕೆನ್ನೆ ತುಂಬಿ, ಕೈ ತುಂಬಿ, ಬಳೆ ತಿರುಗ್ತಿರ್ಲಿಲ್ಲ" ಎಂದಳು.

ನನ್ನ ಕೈ ನೋಡಿಕೊಂಡೆ. ಅವ್ವಾ, ಗಾಡಿ ಹತ್ತುವುದಕ್ಕೆ ಮೊದಲೇ ಬಳೆ ಬಿಗಿಯಾಗಿತ್ತಾ ಎಂದೆ. ಹ್ಞೂಂ ಎಂದಳು. ಅಜ್ಜಿಗೆ ತಲೆ ನೋಯುತ್ತಿತ್ತಾ ಎಂದೆ. ಅವಳ ಕೈ ನಿಂತಿತು. "ಹಣೆಗೆ ಬಟ್ಟೆ ಕಟ್ಕೊಂಡೇ ಗಾಡಿ ಹತ್ತಿದ್ಲು" ಎಂದಳು. ಗಾಳಿ ಮೆಟ್ಟಿದಾಗ ಹೇಗಾಯಿತು ಎಂದೆ. "ಕೈಕಾಲು ಸೆಟೆದು ಒದ್ದಾಡಿದ್ಲು, ಹಲ್ಲು ಕಚ್ಕೊಂಡ್ಳು" ಅನ್ನುತ್ತಾ ಅನ್ನುತ್ತಾ ಅವಳ ದನಿ ಸಣ್ಣದಾಯಿತು. ಅವಳು ನನ್ನ ಹಣೆಯ ಬಟ್ಟೆ ನೋಡಿದಳು, ಕೈ ನೋಡಿದಳು. ಡಾಕ್ಟರಮ್ಮ ಕೇಳಿದ್ದಕ್ಕೆ ನಮ್ಮಲ್ಲಿ ಯಾರಿಗೂ ಇಲ್ಲ ಎಂದಿದ್ದಳಲ್ಲ, ಅದು ಅವಳಿಗೇ ನೆನಪಾಗಿರಬೇಕು. ಮೊರ ಪಕ್ಕಕ್ಕೆ ತಳ್ಳಿ ಎದ್ದು ಹಿತ್ತಲಿಗೆ ಹೋದಳು. ಅಲ್ಲಿಂದಲೇ ಅಪ್ಪನಿಗೆ ಕೂಗಿ ಹೇಳಿದಳು: "ಮಲ್ಲಿಕಾಂಬಂಗೆ ಫೋನ್ ಮಾಡ್ರೀ. ಆಂಬುಲೆನ್ಸ್ ಕರೀಲಿ." ಅಪ್ಪ ಆಗಲೇ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ.

ಒಳಗೆ ಬಂದು ನನಗೆ ಒಂದೇ ಮಾತು ಹೇಳಿದಳು. "ಊರು ದಾಟ್ಸೋದಕ್ಕೆ ಒಪ್ಕೊಂಡೆ. ಬಳೆ ಮಾತ್ರ ಯಾರೂ ಮುಟ್ಟಂಗಿಲ್ಲ. ಅದು ನನ್ ತಮ್ಮನ ಆಯಸ್ಸು." ನಾನು ಹ್ಞೂಂ ಎಂದೆ.

ಶನಿವಾರ ಮಧ್ಯಾಹ್ನ, ಕಡೂರು ಆಸ್ಪತ್ರೆ

ನಿನ್ನೆಯ ಡಾಕ್ಟರಮ್ಮನೇ ಇದ್ದಾರೆ. ನಿನ್ನೆ ಯಾಕೆ ಹೋದಿರಿ ಎಂದು ಒಂದು ಮಾತೂ ಅನ್ನಲಿಲ್ಲ, ಬಂದಿರಲ್ಲ ಒಳ್ಳೆಯದಾಯಿತು ಎಂದರು. ಫಿಟ್ಸ್ ಬಾರದಿರಲೆಂದು ಸೊಂಟಕ್ಕೆ ಎರಡೂ ಕಡೆ ಇಂಜೆಕ್ಷನ್ ಕೊಟ್ಟರು, ಬೆಂಕಿ ಹಚ್ಚಿದ ಹಾಗೆ ಉರಿಯುತ್ತದೆ. ಬಿಪಿಗೆ ಬೇರೆ ಮಾತ್ರೆ. ಕೂಸಿನ ಎದೆಬಡಿತವನ್ನು ಯಂತ್ರದಲ್ಲಿ ಕೇಳಿಸಿದರು. ಕುದುರೆ ಓಡಿದ ಹಾಗೆ ದಡದಡ ಎನ್ನುತ್ತದೆ ಮಾವಾ, ನಾನು ಹೆದರಿದ್ದಷ್ಟು ಸಣ್ಣಗಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. ಅಜ್ಜಿಯ ವಿಷಯವನ್ನೂ ಅವಳೇ ಬಾಯಿಬಿಟ್ಟು ಹೇಳಿದಳು, ಡಾಕ್ಟರಮ್ಮ ತಲೆಯಾಡಿಸುತ್ತಾ ಬರೆದುಕೊಂಡರು. ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕಳಿಸುತ್ತಾರೆ. ಹೆರಿಗೆ ಇವತ್ತೋ ನಾಳೆಯೋ ಮಾಡಿಸಬೇಕಾಗಬಹುದು, ಆಪರೇಷನ್ನೇ ಆಗಬಹುದು, ಅಲ್ಲಿಯವರು ನೋಡಿ ಹೇಳುತ್ತಾರೆ ಎಂದರು. ನಾನು ಬದುಕುತ್ತೇನಾ ಎಂದು ಕೇಳಿಯೇಬಿಟ್ಟೆ. ಅವರು ನನ್ನ ಕೆನ್ನೆ ತಟ್ಟಿ, "ಸಮಯಕ್ಕೆ ಬಂದಿದ್ದೀಯ, ಉಳಿದದ್ದು ನಾವು ಮಾಡ್ತೀವಿ" ಎಂದರು. ಹೌದು ಎಂದು ನೇರವಾಗಿ ಹೇಳಲಿಲ್ಲ. ಅದನ್ನೇ ಹಿಡಿದುಕೊಂಡು ಮಲಗಿದ್ದೇನೆ.

ನರ್ಸಮ್ಮ ಬಂದು ಬಳೆ ತೆಗೆಯಬೇಕು ಎಂದಿದ್ದಾರೆ. ಊತ ಇನ್ನೂ ಏರಿದರೆ ಕೈಗೆ ರಕ್ತ ಓಡುವುದಿಲ್ಲವಂತೆ, ಆಪರೇಷನ್ ಕೋಣೆಗೂ ಗಾಜು ಒಯ್ಯುವಂತಿಲ್ಲವಂತೆ. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಒಂದೂ ಜಾರಲಿಲ್ಲ. ಒಡೆಯಬೇಕು ಎಂದಾಗ ಅವ್ವ ಮಂಚಕ್ಕೆ ಅಡ್ಡ ನಿಂತಳು. "ಅವ್ನು ಕಬ್ಬಿಣ, ಕಲ್ಲಿನ ಮಧ್ಯೆ ಕೆಲ್ಸ ಮಾಡೋನು ಕಣವ್ವಾ, ಫೋನಿಗೂ ಸಿಗ್ತಿಲ್ಲ. ಅವನನ್ನ ನಾನೇ ಸಾಕಿದ್ದು" ಎಂದು ನರ್ಸಮ್ಮನ ಕೈ ಹಿಡಿದು ಅಳುತ್ತಿದ್ದಾಳೆ. ಬಳೆ ಒಡೆದರೆ ಗಂಡನಿಗೆ ಏನೂ ಆಗುವುದಿಲ್ಲವೆಂದು ಬುದ್ಧಿ ಹೇಳುತ್ತದೆ, ಎದೆ ಮಾತ್ರ ಒಪ್ಪುತ್ತಿಲ್ಲ. ರೇವಣಪ್ಪ ಆಸ್ಪತ್ರೆ ಬಾಗಿಲಿಗೇ ಬಂದಿದ್ದಾನೆ, ಅಪ್ಪ ಕಾಗದಕ್ಕೆ ಕೈ ಚಾಚಿ ನಿಂತಿದ್ದಾನೆ. ಮುಗಿಸುತ್ತೇನೆ.

ಅಪ್ಪ ನಿನ್ನನ್ನು ಕೇಳಿದ್ದಾನೆ. "ನಿನ್ ಗಂಡಂಗೆ ಒಳ್ಳೇ ಬೈಗುಳ ಇಟ್ಟಿದ್ದೀನಿ ಅಂತ ಬರಿ" ಎಂದಳು ಮಲ್ಲಿಕಾಂಬ. ಕೆಲಸದ ಹತ್ತಿರ ಹುಷಾರು. ರಾಡಿನ ಕೆಳಗೆ ನಿಲ್ಲಬೇಡ. ನಿನ್ನ ಕೂಸು ಇನ್ನೂ ಒದೆಯುತ್ತಿದೆ.

ಯಾವತ್ತಿಗೂ ನಿನ್ನ,
ವನಜಾಕ್ಷಿ

ವಿ.ಸೂ.: ರೇವಣಪ್ಪನನ್ನು ತಡೆದು ಇದಿಷ್ಟು ಬರೆಯುತ್ತಿದ್ದೇನೆ, ಸ್ಟ್ರೆಚರ್ ಬಂದಿದೆ. ಬಳೆ ಹೋದವು ಮಾವಾ. ನರ್ಸಮ್ಮ ಒಡೆಯಲಿಲ್ಲ, ಅವ್ವನೇ ಒಡೆದಳು. "ಬೇರೆಯವ್ರ ಕೈಯಲ್ಲಿ ಬೇಡ, ಪಾಪ ಬಂದ್ರೆ ನನಗೇ ಬರ್ಲಿ" ಎಂದು ನನ್ನ ಕೈಗೆ ತನ್ನ ಸೆರಗು ಸುತ್ತಿ, ನಿನ್ನ ಹೆಸರು ಹೇಳುತ್ತಾ ಒಂದೊಂದನ್ನೇ ಒಡೆದಳು. ನನಗೆ ಒಂದು ಗೀರೂ ಬಿದ್ದಿಲ್ಲ, ಅವಳ ಬೆರಳೇ ಕುಯ್ದಿದೆ. ಬೋಳುಗೈ ಇರಬಾರದೆಂದು ಸೆರಗಿನ ನೂಲು ಕಿತ್ತು ನನ್ನ ಎರಡೂ ಕೈಗೆ ಕಟ್ಟಿದಳು. ಈಗ ಬಾಗಿಲ ಬೆಂಚಿನ ಮೇಲೆ ಗಾಜಿನ ಚೂರು ಮಡಿಲಲ್ಲಿ ಇಟ್ಟುಕೊಂಡು ನಿನ್ನ ನಂಬರು ಒತ್ತುತ್ತಲೇ ಇದ್ದಾಳೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಆ ಫೋನಿನವಳು ಹೇಳಿದಾಗಲೆಲ್ಲ ಅವಳ ಮುಖ ನೋಡಲಾಗುತ್ತಿಲ್ಲ. ಚೆನ್ನಾಗವ್ನೆ ಬಿಡಕ್ಕಾ ಎಂದ ರೇವಣಪ್ಪನನ್ನು, "ನೀನು ನೋಡಿದ್ಯಾ? ಇವತ್ತು ನೋಡಿದ್ಯಾ?" ಎಂದು ಕೇಳಿದಳು. ನೀರು ಕೂಡ ಮುಟ್ಟುತ್ತಿಲ್ಲ. ನನಗಾಗಿ ತಾನು ನಿನ್ನನ್ನು ಪಣಕ್ಕಿಟ್ಟೆ ಎಂದುಕೊಂಡಿದ್ದಾಳೆ. ಕಾಗದ ಓದಿದ ಕೂಡಲೇ ರೇವಣಪ್ಪನ ಗಾಡಿಯಲ್ಲೇ ಫೋನು ಸಿಗುವ ಊರಿಗೆ ಬಾ. ಅಷ್ಟು ಹೊತ್ತಿಗೆ ನನ್ನದು ಏನಾಗಿರುತ್ತದೋ ನನಗೆ ಗೊತ್ತಿಲ್ಲ. ಏನೇ ಆಗಿರಲಿ, ವನಜಾ ಹೇಗಿದ್ದಾಳೆ ಎಂದು ಮೊದಲು ಕೇಳಬೇಡ. ಮೊದಲು ಅಕ್ಕಾ ಅನ್ನು, ಅವಳಿಗೆ ನಿನ್ನ ದನಿ ಕೇಳಿಸಲಿ. ಆಮೇಲೆ ನನ್ನನ್ನು ಕೇಳು.